ಪರಿಸರ ರಕ್ಷಣೆ: ಉಪದೇಶ ಸಾಕು, ರೂಢಿ ಬೇಕು

ನಮ್ಮ ಶಾಲೆ ಐವತ್ತು ವರ್ಷಗಳನ್ನು ಪೂರೈಸಿ ಸುವರ್ಣ ಮಹೋತ್ಸವವನ್ನು ಆಚರಿಸುತ್ತಿರುವ ಈ ಶುಭ ಸಂದರ್ಭದಲ್ಲಿ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಪ್ರೀತಿಯಿಂದ ಕೇಳಿದ್ದಾರೆ. ಶಾಲೆಯ ಹಳೆಯ ನೆನಪುಗಳನ್ನು ಸೊಗಸಾಗಿ ಬರೆಯಬಲ್ಲವರು ಬಹಳ ಮಂದಿ ಇದ್ದಾರೆ. ಇಲ್ಲಿ ಅಧ್ಯಾಪಕನಾಗಿ, ಕೊನೆಯ ಕೆಲವು ವರ್ಷ ಮುಖ್ಯೋಪಾಧ್ಯಾಯನಾಗಿ ದುಡಿದ ನಾನು ಒಂದು ತಪ್ಪೊಪ್ಪಿಗೆಯನ್ನೂ, ಆ ತಪ್ಪಿನಿಂದ ಕಲಿತ ಪಾಠವನ್ನೂ ಓದುಗರ ಮುಂದಿಡಲು ಬಯಸುತ್ತೇನೆ. ವಿಷಯ ಪರಿಸರಕ್ಕೆ ಸಂಬಂಧಿಸಿದ್ದು. ಆದರೆ ಮರ ಬೆಳೆಸಿ, ನಾಡು ಉಳಿಸಿ ಎಂಬ ಧಾಟಿಯ ಲೇಖನ ಇದಲ್ಲ. ಅಂಥವನ್ನು ನಾನು ಬೇಕಾದಷ್ಟು ಬರೆದಿದ್ದೇನೆ, ಮಕ್ಕಳಿಂದ ಬರೆಸಿದ್ದೇನೆ. ಅವುಗಳಿಂದ ಆದ ಪ್ರಯೋಜನ ಎಷ್ಟು ಎಂಬುದೇ ಇಂದು ನನ್ನನ್ನು ಕಾಡುವ ಪ್ರಶ್ನೆ.

ಜೂನ್ 5 ವಿಶ್ವ ಪರಿಸರ ದಿನ. ಶಾಲೆ ತೆರೆದ ಹೊಸತರಲ್ಲೇ ಅದು ಬರುತ್ತದೆ. ಅಂದು ಗಿಡ ನೆಡುವುದು, ಪ್ರತಿಜ್ಞೆ ಬೋಧಿಸುವುದು, ಪ್ರಬಂಧ ಸ್ಪರ್ಧೆ ನಡೆಸುವುದು ನಮ್ಮ ವಾಡಿಕೆ. ಪ್ಲಾಸ್ಟಿಕ್ಕಿನ ಕೆಡುಕುಗಳ ಬಗ್ಗೆ ಮಕ್ಕಳು ಬರೆದ ಪ್ರಬಂಧಗಳನ್ನು ತಿದ್ದುವುದಕ್ಕೆ ನಾನು ಖರ್ಚು ಮಾಡಿದ ಕೆಂಪು ಶಾಯಿಗೆ ಲೆಕ್ಕವಿಲ್ಲ. ಅಂಥ ಒಂದು ವರ್ಷ ಪ್ರಥಮ ಬಹುಮಾನವಾಗಿ ನಾವು ಕೊಟ್ಟದ್ದು ಒಂದು ಪ್ಲಾಸ್ಟಿಕ್ ಊಟದ ಡಬ್ಬಿ. ಅದಕ್ಕೆ ಸುತ್ತಿದ್ದದ್ದು ಮಿರಮಿರನೆ ಹೊಳೆಯುವ ಪ್ಲಾಸ್ಟಿಕ್ ಹಾಳೆ. ಸಮಾರಂಭದ ಕೊನೆಯಲ್ಲಿ ಸರಬತ್ತು ಹಂಚಿದ್ದೂ ಪ್ಲಾಸ್ಟಿಕ್ ಲೋಟಗಳಲ್ಲಿ. ಸಂಜೆ ಅಂಗಳ ಗುಡಿಸುತ್ತಿದ್ದ ನಮ್ಮ ಶಾಲೆಯ ಆಯಾ ಲೋಟಗಳ ರಾಶಿಯ ಮುಂದೆ ನಿಂತು, "ಮಾಷ್ಟ್ರೇ, ಇದನ್ನೆಲ್ಲ ಎಲ್ಲಿ ಹಾಕಲಿ?" ಎಂದು ಕೇಳಿದಳು. ಬೆಳಗ್ಗೆ ಅರ್ಧ ಗಂಟೆ ಭಾಷಣ ಮಾಡಿದ್ದ ನನ್ನ ಬಳಿ ಆ ಒಂದು ಪ್ರಶ್ನೆಗೆ ಉತ್ತರವಿರಲಿಲ್ಲ.

ಇದನ್ನು ಬೂಟಾಟಿಕೆ ಎಂದು ಯಾರಾದರೂ ಕರೆಯಬಹುದು. ಹೇಳೋದು ಶಾಸ್ತ್ರ, ಇಕ್ಕೋದು ಗಾಳ ಎಂಬ ಗಾದೆ ನಮ್ಮಲ್ಲಿ ಇದ್ದೇ ಇದೆ. ಆದರೆ ನನ್ನ ಸಹೋದ್ಯೋಗಿಗಳಲ್ಲಿ ಯಾರೂ ಕಪಟಿಗಳಾಗಿರಲಿಲ್ಲ. ಲೋಟ ತರಲು ಪೇಟೆಗೆ ಹೋದವರು ಅಂಗಡಿಯವನು ಮುಂದಿಟ್ಟದ್ದನ್ನು ತಂದರು, ಅಷ್ಟೆ. ಯಾರೂ ಪ್ಲಾಸ್ಟಿಕ್ಕನ್ನು ಆರಿಸಿಕೊಳ್ಳಲಿಲ್ಲ. ಯಾರೂ ಏನನ್ನೂ ಆರಿಸಿಕೊಳ್ಳದಿದ್ದುದರಿಂದಲೇ ಅದು ಬಂತು. ಈ ಸಣ್ಣ ವ್ಯತ್ಯಾಸ ನನಗೆ ಅರ್ಥವಾಗಲು ಇಪ್ಪತ್ತು ವರ್ಷಗಳೇ ಹಿಡಿದವು.

ಅರ್ಥ ಮಾಡಿಸಿದವನು ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ನನ್ನ ಮೊಮ್ಮಗ. ಅವನ ಮನೆಗೆ ಹೋಗಿದ್ದಾಗ ಒಂದು ರಾತ್ರಿ ಮೊಬೈಲಿನಲ್ಲಿಯೇ ಊಟ ತರಿಸಿದ. ಊಟ ಬಂತು, ಆದರೆ ಅದರೊಡನೆ ಸಾಮಾನ್ಯವಾಗಿ ಬರುವ ಪ್ಲಾಸ್ಟಿಕ್ ಚಮಚಗಳು ಇರಲಿಲ್ಲ. ಮರೆತರೇ ಎಂದು ಕೇಳಿದೆ. "ಇಲ್ಲ ತಾತ, ಅದು ಡಿಫಾಲ್ಟ್. ನಾವೇನೂ ಒತ್ತದಿದ್ದರೆ ಚಮಚ ಬರುವುದಿಲ್ಲ. ಬೇಕಾದವರು ಬೇಕೆಂದು ಒತ್ತಬೇಕು" ಎಂದ. ಡಿಫಾಲ್ಟ್ ಎಂಬ ಪದ ನನಗೆ ಸಹಕಾರಿ ಬ್ಯಾಂಕಿನ ನೋಟೀಸುಗಳಿಂದ ಮಾತ್ರ ಪರಿಚಿತ. ಅಲ್ಲಿ ಅದಕ್ಕೆ ಸಾಲ ತೀರಿಸದಿರುವುದು ಎಂಬ ಅರ್ಥ. ಇಲ್ಲಿ ಅರ್ಥ ಬೇರೆ. ನಾವು ಬಾಯಿ ತೆರೆಯದಿದ್ದರೆ, ಕೈ ಆಡಿಸದಿದ್ದರೆ ನಮಗೆ ತಾನಾಗಿ ದೊರೆಯುವುದು ಯಾವುದೋ ಅದು. ಗಣಕಯಂತ್ರದ ಕನ್ನಡದಲ್ಲಿ ಇದಕ್ಕೆ ಪೂರ್ವನಿಯೋಜಿತ ಎನ್ನುತ್ತಾರಂತೆ. ನಾನು ಸರಳವಾಗಿ 'ಕೇಳದೆ ಬರುವ ಆಯ್ಕೆ' ಎಂದು ಕರೆಯುತ್ತೇನೆ. ಜೊಮಾಟೊ ಎಂಬ ಊಟ ತಲುಪಿಸುವ ಕಂಪೆನಿ 2021ರಲ್ಲಿ ಈ ಬದಲಾವಣೆಯನ್ನು ಮಾಡಿತು. ಅದುವರೆಗೆ ಚಮಚ ಬೇಡದವನು ಬೇಡವೆನ್ನಬೇಕಿತ್ತು, ಆಮೇಲೆ ಬೇಕಾದವನು ಬೇಕೆನ್ನಬೇಕಾಯಿತು. ಗ್ರಾಹಕನ ಸ್ವಾತಂತ್ರ್ಯ ಎಳ್ಳಷ್ಟೂ ಕಡಿಮೆಯಾಗಲಿಲ್ಲ. ಮೌನದ ಅರ್ಥ ಮಾತ್ರ ತಿರುಗಿತು.

ಮೌನದ ಅರ್ಥವನ್ನು ತಿರುಗಿಸಿದರೆ ಎಷ್ಟು ವ್ಯತ್ಯಾಸವಾಗುತ್ತದೆ ಎಂಬುದನ್ನು ಲೋಕದ ಹಲವೆಡೆ ಅಳೆದು ನೋಡಿದ್ದಾರೆ. ಚೀನಾದ ಕೆಲವು ದೊಡ್ಡ ನಗರಗಳಲ್ಲಿ ಇಂಥದೇ ಬದಲಾವಣೆಯನ್ನು ಮಾಡಿ, ಚಮಚ ಬೇಡವೆಂದವರಿಗೆ ಗಿಡ ನೆಡಿಸುವ ಅಂಕಗಳನ್ನೂ ಕೊಟ್ಟಾಗ, ಚಮಚವಿಲ್ಲದ ಊಟದ ಬೇಡಿಕೆಗಳ ಪ್ರಮಾಣ ಶೇ. 648ರಷ್ಟು ಏರಿತೆಂದು 2023ರಲ್ಲಿ ಪ್ರಕಟವಾದ ಒಂದು ಅಧ್ಯಯನ ತಿಳಿಸುತ್ತದೆ. ಜರ್ಮನಿಯಲ್ಲಿ ಸುಮಾರು 42,000 ಮನೆಗಳನ್ನು ಒಳಗೊಂಡ, 2015ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನವಿದೆ. ವಿದ್ಯುತ್ ಕಂಪೆನಿಯ ಅರ್ಜಿಯಲ್ಲಿ, ಗಾಳಿ ನೀರು ಬಿಸಿಲುಗಳಿಂದ ತಯಾರಾದ ವಿದ್ಯುತ್ತು ಬೇಕಾದವರು ಗುರುತು ಹಾಕಿ ಎಂದು ಬರೆದಿದ್ದಾಗ ನೂರಕ್ಕೆ ಏಳು ಮಂದಿ ಗುರುತು ಹಾಕಿದರು. ಗುರುತನ್ನು ಮೊದಲೇ ಹಾಕಿಟ್ಟು, ಬೇಡದವರು ತೆಗೆಯಿರಿ ಎಂದಾಗ ನೂರಕ್ಕೆ ಅರವತ್ತೊಂಬತ್ತು ಮಂದಿ ಅದನ್ನು ಹಾಗೆಯೇ ಉಳಿಸಿಕೊಂಡರು. ಜನ ಅವರೇ, ವಿದ್ಯುತ್ತು ಅದೇ. ಬದಲಾದದ್ದು ಒಂದು ಗುರುತು.

ನನ್ನಂಥ ಅಧ್ಯಾಪಕರು ಗಮನಿಸಬೇಕಾದ ಪ್ರಯೋಗ ಸ್ವೀಡನ್ ದೇಶದ ಒಂದು ವಿಶ್ವವಿದ್ಯಾನಿಲಯದಲ್ಲಿ ನಡೆಯಿತು. ಮುದ್ರಣಕ್ಕೆ ಕಾಗದ ಬಹಳ ವ್ಯಯವಾಗುತ್ತದೆಂದು ಮೊದಲು ಎಲ್ಲರಿಗೂ ವಿನಂತಿ ಕಳುಹಿಸಿದರು: ದಯವಿಟ್ಟು ಹಾಳೆಯ ಎರಡೂ ಬದಿಗಳಲ್ಲಿ ಮುದ್ರಿಸಿ ಎಂದು. ಅದರಿಂದ ಏನೂ ಆಗಲಿಲ್ಲ. ಬಳಿಕ ಏನೂ ಹೇಳದೆ, ಯಂತ್ರವೇ ತಾನಾಗಿ ಎರಡೂ ಬದಿಗೆ ಮುದ್ರಿಸುವಂತೆ ಅಣಿಗೊಳಿಸಿದರು. ಕಾಗದದ ಬಳಕೆ ಶೇ. 15ರಷ್ಟು ಇಳಿಯಿತು. ಓದು ಬಲ್ಲ ವಿದ್ವಾಂಸರಿಗೇ ಉಪದೇಶ ತಾಗದಿದ್ದಲ್ಲಿ ಐದನೆಯ ತರಗತಿಯ ಮಕ್ಕಳಿಗೂ ಅವರ ತಂದೆತಾಯಂದಿರಿಗೂ ತಾಗಲಿಲ್ಲವೆಂದು ನಾನು ಬೇಸರಿಸುವುದೇಕೆ?

ಇದರ ಕಾರಣ ಬಹಳ ಗೂಢವಾದುದೇನಲ್ಲ. ಮನುಷ್ಯನಿಗೆ ದಿನವೊಂದಕ್ಕೆ ನೂರಾರು ನಿರ್ಧಾರಗಳು. ಪ್ರತಿಯೊಂದನ್ನೂ ಧರ್ಮಾಧರ್ಮ ವಿವೇಚಿಸಿ ಮಾಡುತ್ತ ಕುಳಿತರೆ ಬದುಕು ಸಾಗದು. ಆದುದರಿಂದ ಮುಂದಿದ್ದುದನ್ನು ಎತ್ತಿಕೊಳ್ಳುತ್ತಾನೆ. ಮುಂದಿಟ್ಟವನು ಯೋಚಿಸಿಯೇ ಇಟ್ಟಿರಬೇಕು, ಎಲ್ಲರೂ ಅದನ್ನೇ ಕೊಳ್ಳುತ್ತಿರಬೇಕು ಎಂದು ಒಳಗೊಳಗೇ ನಂಬುತ್ತಾನೆ. ಸುಲ್ತಾನ್ ಬತ್ತೇರಿಯ ಪೇಟೆಯಲ್ಲಿ ಒಂದು ದಿನ ನಿಂತು ನೋಡಿದರೆ ಸಾಕು. ಕಾಲು ಕಿಲೋ ಹಸಿಮೆಣಸು ತೂಗಿದ ಕೂಡಲೇ ಅಂಗಡಿಯವನ ಕೈ ತಾನಾಗಿ ಕವರಿನ ಕಡೆಗೆ ಹೋಗುತ್ತದೆ. ಅದನ್ನು ತಡೆಯಬೇಕಾದರೆ ಗಿರಾಕಿ ಬಾಯಿ ಬಿಡಬೇಕು. ಗದ್ದಲದಲ್ಲಿ, ಬಸ್ಸಿನ ಅವಸರದಲ್ಲಿ ಯಾರು ಬಾಯಿ ಬಿಡುತ್ತಾರೆ? ಅದೇ ಅಂಗಡಿಯವನು "ಚೀಲ ತಂದಿದ್ದೀರಾ?" ಎಂದು ಕೇಳಿ ಕೈ ಚಾಚಿದನೆನ್ನಿ, ಚೀಲ ತರದವನು ಮರುದಿನ ಮರೆಯದೆ ತರುತ್ತಾನೆ.

ನಮ್ಮ ಹಿರಿಯರ ಕಾಲದಲ್ಲಿ ಇಂಥ ತೊಡಕು ಇರಲಿಲ್ಲ. ನಾನು ಹುಡುಗನಾಗಿದ್ದಾಗ ಅಂಗಡಿಗೆ ಹೋಗುವುದೆಂದರೆ ಬಟ್ಟೆಯ ಚೀಲ, ಎಣ್ಣೆಗೆ ಬಾಟಲಿ, ಸೀಮೆಎಣ್ಣೆಗೆ ಡಬ್ಬ ಹಿಡಿದುಕೊಂಡು ಹೋಗುವುದು. ಬೆಲ್ಲವನ್ನು ಎಲೆಯಲ್ಲಿ, ಬೇಳೆಯನ್ನು ಕಾಗದದ ಪೊಟ್ಟಣದಲ್ಲಿ ದಾರ ಸುತ್ತಿ ಕೊಡುತ್ತಿದ್ದರು. ಆ ದಾರವನ್ನೂ ಅಮ್ಮ ಉಂಡೆ ಕಟ್ಟಿ ಇಡುತ್ತಿದ್ದಳು. ಮದುವೆಯ ಊಟ ಬಾಳೆ ಎಲೆಯಲ್ಲಿ. ಉಂಡೆದ್ದ ಎಲೆ ದನಕ್ಕೆ, ಉಳಿದದ್ದು ಗೊಬ್ಬರದ ಗುಂಡಿಗೆ. ಅವರಾರೂ ತಮ್ಮನ್ನು ಪರಿಸರವಾದಿಗಳೆಂದು ಕರೆದುಕೊಂಡವರಲ್ಲ. ಹಿಂದಿನವರು ಮಹಾ ಪುಣ್ಯವಂತರು, ಈಗಿನವರು ಕೆಟ್ಟುಹೋದರು ಎಂಬ ಹಳಹಳಿಕೆಯಲ್ಲಿ ನನಗೆ ನಂಬಿಕೆಯಿಲ್ಲ. ಅಂದು ಅವರಿಗೆ ಕೇಳದೆ ಬರುತ್ತಿದ್ದುದು ಬಾಳೆ ಎಲೆ, ನಮಗೆ ಕೇಳದೆ ಬರುವುದು ಪ್ಲಾಸ್ಟಿಕ್ಕು. ಅವರ ಕೈಗೆ ಪ್ಲಾಸ್ಟಿಕ್ಕು ಬಂದಿದ್ದರೆ ಅವರೂ ಬಳಸುತ್ತಿದ್ದರು. ನನ್ನ ಅಮ್ಮ ತನ್ನ ಕೊನೆಯ ವರ್ಷಗಳಲ್ಲಿ ಬಳಸಿದಳು ಕೂಡ. ಗುಣ ಬದಲಾಗಲಿಲ್ಲ, ಕೈಗೆಟುಕುವ ವಸ್ತು ಬದಲಾಯಿತು.

ಹಾಗಾದರೆ ಭಾವನೆಗಳಿಗೆ ಇಲ್ಲಿ ಸ್ಥಾನವೇ ಇಲ್ಲವೆ? ಇದೆ, ಆದರೆ ನಾವು ತಿಳಿದ ಬಗೆಯಲ್ಲಿ ಅಲ್ಲ.

ವಯನಾಡಿನ ನಮಗೆ ಭಾವನೆಯ ಪಾಠವನ್ನು ಬೇರೆ ಯಾರೂ ಹೇಳಬೇಕಾಗಿಲ್ಲ. 2019ರ ಆಗಸ್ಟ್ 8ರಂದು ಪುತ್ತುಮಲ ಕುಸಿಯಿತು. 2024ರ ಜುಲೈ 30ರ ನಸುಕಿನಲ್ಲಿ ಮುಂಡಕೈ, ಚೂರಲ್ಮಲ ಊರುಗಳು ಮಣ್ಣಿನಡಿ ಸೇರಿ 250ಕ್ಕೂ ಹೆಚ್ಚು ಜನ ತೀರಿಕೊಂಡರು. ಆ ದಿನಗಳಲ್ಲಿ ಈ ಜಿಲ್ಲೆಯಲ್ಲಿ ಮನಸ್ಸು ಕಲಕದ ಮನುಷ್ಯನಿರಲಿಲ್ಲ. ಬೆಟ್ಟವನ್ನು ಬೆಟ್ಟವಾಗಿ ಬಿಡಬೇಕು, ಬದುಕುವ ರೀತಿಯನ್ನು ಬದಲಿಸಬೇಕು ಎಂದು ಚಹಾದಂಗಡಿಯಲ್ಲೂ ಬಸ್ಸಿನಲ್ಲೂ ಜನ ಮಾತಾಡಿದರು. ಆ ಕುಸಿತಕ್ಕೂ ನಮ್ಮ ಕೈಯ ಕವರಿಗೂ ನೇರ ಸಂಬಂಧವಿದೆಯೆಂದು ನಾನು ಹೇಳುತ್ತಿಲ್ಲ. ಹಾಗೆ ಹೇಳಿ ಸತ್ತವರ ಹೆಸರಿನಲ್ಲಿ ಉಪದೇಶ ಮಾಡುವುದು ತಪ್ಪು. ನಾನು ಹೇಳುವುದು ಆ ಮನಸ್ಸಿನ ಬಗ್ಗೆ. ಕೆಲವೇ ತಿಂಗಳಲ್ಲಿ ಅದು ತಣ್ಣಗಾಯಿತು. ನಮ್ಮ ಹಿರಿಯರು ಮೂರು ಬಗೆಯ ಅಲ್ಪಾಯುಷಿ ವೈರಾಗ್ಯಗಳನ್ನು ಹೇಳುತ್ತಾರೆ: ಪುರಾಣ ವೈರಾಗ್ಯ, ಪ್ರಸೂತಿ ವೈರಾಗ್ಯ, ಸ್ಮಶಾನ ವೈರಾಗ್ಯ. ಪುರಾಣ ಕೇಳಿ ಎದ್ದವನ ವಿರಕ್ತಿ ಮನೆಯ ಹೊಸ್ತಿಲವರೆಗೆ, ಸ್ಮಶಾನದಿಂದ ಬಂದವನ ವಿರಕ್ತಿ ಸ್ನಾನದವರೆಗೆ. ನಮ್ಮ ಪರಿಸರ ದಿನದ ಪ್ರತಿಜ್ಞೆ ಪುರಾಣ ವೈರಾಗ್ಯ. ದುರಂತದ ಬಳಿಕದ ನಿಶ್ಚಯ ಸ್ಮಶಾನ ವೈರಾಗ್ಯ. ಎರಡೂ ಪ್ರಾಮಾಣಿಕವಾದುವು, ಎರಡೂ ಬಾಳುವುದಿಲ್ಲ.

ಬಾಳಿಸುವ ಉಪಾಯ ಒಂದಿದೆ. ಮನಸ್ಸು ಬಿಸಿಯಾಗಿರುವಾಗಲೇ ಆ ನಿಶ್ಚಯವನ್ನು ಒಂದು ವ್ಯವಸ್ಥೆಯಾಗಿ ಎರಕ ಹೊಯ್ದುಬಿಡುವುದು. ಜರ್ಮನಿಯ ಕಪ್ಪು ಕಾಡು ಎಂಬ ಗುಡ್ಡಗಾಡು ಪ್ರದೇಶದಲ್ಲಿ ಶೋನಾವ್ ಎಂಬ ಪುಟ್ಟ ಊರಿದೆ. 1986ರಲ್ಲಿ ಚೆರ್ನೊಬಿಲ್ ಅಣುಸ್ಥಾವರ ಸಿಡಿದಾಗ ಆ ಊರಿನ ತಂದೆತಾಯಂದಿರು ತಮ್ಮ ಮಕ್ಕಳ ಗತಿಯೇನೆಂದು ಭಯಪಟ್ಟರು. ಭಯಪಟ್ಟು ಸುಮ್ಮನಾಗಲಿಲ್ಲ. ಹತ್ತು ವರ್ಷ ಹೋರಾಡಿ, ಊರಿನಲ್ಲಿ ಎರಡು ಬಾರಿ ಜನಮತ ಪಡೆದು, 1997ರಲ್ಲಿ ಊರಿನ ವಿದ್ಯುತ್ ಜಾಲವನ್ನೇ ತಮ್ಮ ಸಂಸ್ಥೆಗೆ ಕೊಂಡುಕೊಂಡರು. ಅಣುಶಕ್ತಿಯಿಲ್ಲದ ವಿದ್ಯುತ್ತು ಆ ಊರಿನಲ್ಲಿ ತಾನಾಗಿ ಬರುವ ವಿದ್ಯುತ್ತಾಯಿತು. ಎರಡನೆಯ ಜನಮತದಲ್ಲಿ ಅವರು ಗೆದ್ದದ್ದು ಅಲ್ಪ ಬಹುಮತದಿಂದ. ಊರಿನ ಹತ್ತಿರ ಹತ್ತಿರ ಅರ್ಧ ಜನ ವಿರೋಧಿಗಳು. ಮರುವರ್ಷವೇ ಆ ದೇಶದಲ್ಲಿ ಯಾರು ಬೇಕಾದರೂ ಯಾವ ಕಂಪೆನಿಯಿಂದ ಬೇಕಾದರೂ ವಿದ್ಯುತ್ತು ಕೊಳ್ಳಬಹುದೆಂಬ ಕಾನೂನು ಬಂತು. ವಿರೋಧಿಗಳೆಲ್ಲ ಬಿಟ್ಟುಹೋಗಬಹುದಿತ್ತು. ಆದರೆ ಹೋದವರು ಬೆರಳೆಣಿಕೆಯಷ್ಟು ಮಂದಿ. ಭಾವನೆ ದೀಪ ಹಚ್ಚಿತು, ರೂಢಿ ಅದಕ್ಕೆ ಎಣ್ಣೆಯೆರೆಯಿತು. ಒಂದಿಲ್ಲದೆ ಇನ್ನೊಂದಿಲ್ಲ.

ಭಾವನೆಯ ಇನ್ನೊಂದು ಮುಖವನ್ನು ನಮ್ಮ ನೆರೆಯ ನೀಲಗಿರಿ ಜಿಲ್ಲೆಯಲ್ಲಿ ನೋಡಬಹುದು. ಅಲ್ಲಿನ ಕಾಡಿನಲ್ಲಿ ಕುಡುಕರು ಎಸೆದ ಗಾಜಿನ ಬಾಟಲಿಗಳು ಒಡೆದು ಆನೆಗಳ ಕಾಲಿಗೆ ಚುಚ್ಚುತ್ತಿದ್ದವು. ಫಲಕ ಹಾಕಿದ್ದಾಯಿತು, ಬುದ್ಧಿ ಹೇಳಿದ್ದಾಯಿತು. ಕೊನೆಗೆ ಮದರಾಸು ಉಚ್ಚ ನ್ಯಾಯಾಲಯದ ನಿರ್ದೇಶನದಂತೆ 2022ರಲ್ಲಿ ಬಾಟಲಿಯೊಂದಕ್ಕೆ 10 ರೂಪಾಯಿ ಹೆಚ್ಚು ಪಡೆದು, ಖಾಲಿ ಬಾಟಲಿ ತಂದುಕೊಟ್ಟವರಿಗೆ ಅದನ್ನು ಹಿಂದಿರುಗಿಸುವ ಏರ್ಪಾಡು ಮಾಡಿದರು. ಬಾಟಲಿಗಳು ಅಂಗಡಿಗೆ ಮರಳತೊಡಗಿದವು. ತನ್ನದಾಗಿದ್ದ ಹತ್ತು ರೂಪಾಯಿ ಕೈತಪ್ಪುತ್ತದೆಂಬ ಸಂಕಟ ಹತ್ತು ರೂಪಾಯಿ ಗಳಿಸುವ ಸಂತೋಷಕ್ಕಿಂತ ಬಲವಾದದ್ದು. ಆನೆಯ ಮೇಲಿನ ಕನಿಕರ ಮಾಡಿಸದ ಕೆಲಸವನ್ನು ಅದು ಮಾಡಿಸಿತು. ಮದ್ಯದಂಗಡಿಯಿಂದ ನೀತಿಪಾಠ ಕಲಿಯಬೇಕಾಗಿ ಬಂದುದಕ್ಕೆ ಮುಖ್ಯೋಪಾಧ್ಯಾಯನಾದ ನನಗೆ ಸ್ವಲ್ಪ ನಾಚಿಕೆಯಾಗುತ್ತದೆ. ಆದರೂ ಸತ್ಯ ಎಲ್ಲಿದ್ದರೂ ಸ್ವೀಕರಿಸಬೇಕಲ್ಲವೆ?

ನಮ್ಮ ಜಿಲ್ಲೆಯಲ್ಲಿಯೂ ಇದಕ್ಕೆ ಹತ್ತಿರದ ದೃಷ್ಟಾಂತವಿದೆ. 2016ರಲ್ಲಿ ಇಂಗಾಲ ಸಮತೋಲದ ಪಂಚಾಯಿತಿಯಾಗುವ ಗುರಿ ತೊಟ್ಟ ಮೀನಂಗಾಡಿಯಲ್ಲಿ ಮರ ಬ್ಯಾಂಕ್ ಎಂಬ ಯೋಜನೆ ಬಂತು. ಬೆಳೆಸಿದ ಮರವೊಂದಕ್ಕೆ ವರ್ಷಕ್ಕೆ 50 ರೂಪಾಯಿ ಬಡ್ಡಿಯಿಲ್ಲದ ಸಾಲ. ಮರ ಕಡಿದರೆ ಮಾತ್ರ ಹಣ ಹಿಂದಿರುಗಿಸಬೇಕು. ಮೊದಲು ಸುಮ್ಮನಿದ್ದವನಿಗೆ ಲಾಭವಿರಲಿಲ್ಲ, ಕಡಿದವನಿಗೆ ಲಾಭವಿತ್ತು. ಈಗ ಸುಮ್ಮನಿರುವುದೇ ಲಾಭದ ದಾರಿ. ಮನುಷ್ಯನ ಸೋಮಾರಿತನವನ್ನೇ ಮರದ ಕಾವಲಿಗೆ ನಿಲ್ಲಿಸಿದ ಜಾಣತನ ಇದು.

ಇನ್ನು ನನ್ನ ತಪ್ಪೊಪ್ಪಿಗೆಗೆ ಬರುತ್ತೇನೆ. 1998ರ ಮಳೆಗಾಲ. ಹೊಸದಾಗಿ ಮುಖ್ಯೋಪಾಧ್ಯಾಯನಾಗಿದ್ದ ಉತ್ಸಾಹದಲ್ಲಿ, ಶಾಲೆಯ ಆವರಣದೊಳಗೆ ಪ್ಲಾಸ್ಟಿಕ್ ಚೀಲ ತರಬಾರದೆಂದು ಆಜ್ಞೆ ಮಾಡಿದ್ದೆ. ಒಂದು ಬೆಳಗ್ಗೆ ಆರನೆಯ ತರಗತಿಯ ಹುಡುಗನೊಬ್ಬ ಪುಸ್ತಕಗಳನ್ನು ಒಂದು ದೊಡ್ಡ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಕೊಂಡು ಬಂದ. ಅವನನ್ನು ಪ್ರಾರ್ಥನೆಯ ಸಾಲಿನಿಂದ ಹೊರಗೆ ಕರೆದು, ಕವರನ್ನು ಎತ್ತಿ ಹಿಡಿಯಲು ಹೇಳಿ, ಇಡೀ ಶಾಲೆಯ ಮುಂದೆ ನಾಲ್ಕು ಮಾತು ಆಡಿದೆ. ಮಕ್ಕಳು ನಕ್ಕರು. ನಾಚಿಕೆಯಾದರೆ ಬುದ್ಧಿ ಬರುತ್ತದೆ ಎಂಬುದು ಅಂದಿನ ನನ್ನ ನಂಬಿಕೆ. ಹುಡುಗ ಮರುದಿನದಿಂದ ಶಾಲೆಗೆ ಬರಲಿಲ್ಲ. ನಾಲ್ಕನೆಯ ದಿನ ಅವನ ತಂದೆ ಬಂದರು. ತೋಟದ ಕೂಲಿ ಮಾಡುವವರು. ಚಪ್ಪಲಿಯನ್ನು ಮೆಟ್ಟಿಲ ಕೆಳಗೆ ಬಿಟ್ಟು, ತಲೆಯ ಟವೆಲು ತೆಗೆದು, "ಮಾಷ್ಟ್ರೇ, ಮಗನದ್ದು ತಪ್ಪಿಲ್ಲ. ಮಳೆಗೆ ಪುಸ್ತಕ ನೆನೆಯಬಾರದು ಅಂತ ನಾನೇ ಕಟ್ಟಿಕೊಟ್ಟೆ. ಒಳ್ಳೆ ಚೀಲ ತೆಗೆದುಕೊಡೋಕೆ ಈ ತಿಂಗಳು ಆಗಲಿಲ್ಲ" ಎಂದರು. ಅವರ ಮಾತಿನಲ್ಲಿ ಕೋಪವಿರಲಿಲ್ಲ. ಕೋಪವಿದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

ಹುಡುಗ ಮತ್ತೆ ಬಂದ. ಆದರೆ ಮುಂಚಿನಂತೆ ನನ್ನ ಮುಖ ನೋಡಿ ಮಾತಾಡಲಿಲ್ಲ. ಪುಸ್ತಕವನ್ನು ಮಳೆಯಿಂದ ಕಾಯುವುದು ಎಂಥ ಒಳ್ಳೆಯ ಕೆಲಸ! ಅದನ್ನು ಮಾಡಿದ ತಪ್ಪಿಗೆ ನಾನು ಆ ಮಗುವನ್ನು ಶಿಕ್ಷಿಸಿದ್ದೆ. ಅವನಿಗೆ ಕೇಳದೆ ಸಿಗುತ್ತಿದ್ದುದು ಪ್ಲಾಸ್ಟಿಕ್ಕೊಂದೇ. ಬೇರೊಂದು ಚೀಲ ಅವನ ಕೈಗೆ ಎಟುಕುವಂತೆ ಮಾಡಬೇಕಾದವನು ನಾನು. ಅದನ್ನು ಮಾಡದೆ ನಾಚಿಕೆಯ ಹೊರೆಯನ್ನು ಮಾತ್ರ ಅವನ ತಲೆಯ ಮೇಲೆ ಇಟ್ಟೆ. ಅಳುಕು ಎಂಬ ಭಾವನೆಗೆ ಬಲವಿದೆ ನಿಜ. ಒಳ್ಳೆಯದು ಮುಂದೆ ಸಿದ್ಧವಾಗಿದ್ದು, ಅದನ್ನು ಪಕ್ಕಕ್ಕೆ ಸರಿಸಿ ಕೆಟ್ಟದ್ದನ್ನು ಕೇಳಿ ಪಡೆಯುವಾಗ ಮನಸ್ಸು ತಾನಾಗಿ ಅಳುಕುತ್ತದೆ ಎಂಬುದನ್ನು ಸಂಶೋಧಕರೂ ಕಂಡುಕೊಂಡಿದ್ದಾರೆ. ಆ ಅಳುಕು ಒಳಗಿನಿಂದ ಹುಟ್ಟುವುದರಿಂದ ಆರೋಗ್ಯಕರವಾದುದು. ಒಳ್ಳೆಯದು ಸಿಗದ ಕಡೆ, ಹೊರಗಿನಿಂದ ಹೇರುವ ನಾಚಿಕೆ ಬರಿಯ ಕ್ರೌರ್ಯ. ಅದರಿಂದ ಮಗು ಪ್ಲಾಸ್ಟಿಕ್ಕನ್ನು ದ್ವೇಷಿಸುವುದಿಲ್ಲ, ಶಾಲೆಯನ್ನು ದ್ವೇಷಿಸುತ್ತದೆ.

ನಾಚಿಸುವುದಕ್ಕಿಂತ, ನಾವೆಲ್ಲ ಹೀಗೆ ಮಾಡುತ್ತೇವೆ ಎಂಬ ಒಡನಾಟದ ಭಾವನೆ ಎಷ್ಟೋ ಮೇಲು. ಅಮೆರಿಕದ ಒಂದು ಹೋಟೆಲಿನಲ್ಲಿ, ಪರಿಸರ ಉಳಿಸಲು ಟವೆಲನ್ನು ಮತ್ತೆ ಬಳಸಿ ಎಂದು ಬರೆದಾಗ ನೂರಕ್ಕೆ 35 ಅತಿಥಿಗಳು ಒಪ್ಪಿದರು. ಇಲ್ಲಿ ತಂಗಿದವರಲ್ಲಿ ಹೆಚ್ಚಿನವರು ಮತ್ತೆ ಬಳಸುತ್ತಾರೆ, ನೀವೂ ಸೇರಿಕೊಳ್ಳಿ ಎಂದು ಬರೆದಾಗ 44 ಮಂದಿ ಒಪ್ಪಿದರೆಂದು 2008ರಲ್ಲಿ ಪ್ರಕಟವಾದ ಅಧ್ಯಯನ ಹೇಳುತ್ತದೆ. ವೈತ್ತಿರಿಯ ಕಡೆ ನಮ್ಮಲ್ಲೂ ಈಗ ಬೇಕಾದಷ್ಟು ರೆಸಾರ್ಟುಗಳಿವೆ. ಅವರಿಗೆ ಇದು ಖರ್ಚಿಲ್ಲದ ಪಾಠ.

ಇಷ್ಟಕ್ಕೆ ಎರಡು ಆಕ್ಷೇಪಗಳು ಬರಬಹುದು. ಮೊದಲನೆಯದು: ಇಷ್ಟೆಲ್ಲ ಉಪಾಯವೇಕೆ, ನಿಷೇಧಿಸಿದರೆ ಸಾಲದೆ? ನಿಷೇಧಗಳು ಬೇಕು, ಬಂದಿವೆ ಕೂಡ. ಕರ್ನಾಟಕದಲ್ಲಿ 2016ರಲ್ಲಿ, ಕೇರಳದಲ್ಲಿ 2020ರ ಜನವರಿ 1ರಿಂದ, ಇಡೀ ದೇಶದಲ್ಲಿ 2022ರ ಜುಲೈ 1ರಿಂದ ಒಂದಲ್ಲ ಒಂದು ಬಗೆಯ ಪ್ಲಾಸ್ಟಿಕ್ ನಿಷೇಧ ಬಂದಿದೆ. 2025ರ ಜೂನ್ ತಿಂಗಳಲ್ಲಿ ಕೇರಳದ ಉಚ್ಚ ನ್ಯಾಯಾಲಯವು ಬೆಟ್ಟದ ಪ್ರವಾಸಿ ತಾಣಗಳಲ್ಲಿಯೂ ಮದುವೆ ಮೊದಲಾದ ಸಮಾರಂಭಗಳಲ್ಲಿಯೂ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ಕನ್ನು ಅಕ್ಟೋಬರ್ 2ರಿಂದ ನಿಷೇಧಿಸಿ ಆದೇಶ ನೀಡಿತು. ಗಡಿಯ ಈಚೆಗೂ ಆಚೆಗೂ ಕಾನೂನು ಇದ್ದರೂ ಎರಡೂ ಕಡೆಯ ಅಂಗಡಿಗಳಲ್ಲಿ ಕವರು ಕಾಣುತ್ತಲೇ ಇದೆ. ಕಾನೂನು ಬೇಡವೆನ್ನುವುದನ್ನು ಹೇಳುತ್ತದೆ. ಅದರ ಜಾಗದಲ್ಲಿ ಏನನ್ನು ಇಡಬೇಕೆಂಬುದನ್ನು ಊರವರೇ ನಿಶ್ಚಯಿಸಬೇಕು. ಖಾಲಿ ಬಿಟ್ಟ ಜಾಗಕ್ಕೆ ಹಳೆಯದೇ ಹಿಂದಿರುಗುತ್ತದೆ.

ಎರಡನೆಯ ಆಕ್ಷೇಪ ಹೆಚ್ಚು ಗಂಭೀರವಾದುದು. ಜನರಿಗೆ ತಿಳಿಯದಂತೆ ಅವರ ಕೈಯಿಂದ ಒಳ್ಳೆಯ ಕೆಲಸ ಮಾಡಿಸುವುದು ಒಂದು ಬಗೆಯ ವಂಚನೆಯಲ್ಲವೆ? ಅಧ್ಯಾಪಕನ ಕೆಲಸ ತಿಳಿವು ಕೊಡುವುದಲ್ಲವೆ? ಈ ಪ್ರಶ್ನೆಯನ್ನು ನಾನೂ ಬಹಳ ಕಾಲ ಕೇಳಿಕೊಂಡೆ. ನನಗೆ ಹೊಳೆದ ಉತ್ತರ ಇಷ್ಟು. ಏನೂ ಮುಂದಿಡದ ಅಂಗಡಿ ಲೋಕದಲ್ಲಿಲ್ಲ. ನಾವು ನಿಶ್ಚಯಿಸದಿದ್ದರೆ ಕವರು ತಯಾರಿಸುವವನು ನಿಶ್ಚಯಿಸುತ್ತಾನೆ, ಅವನು ನಮ್ಮ ಅನುಮತಿ ಕೇಳುವುದಿಲ್ಲ. ಆದುದರಿಂದ ನಿಶ್ಚಯಿಸುವುದು ತಪ್ಪಲ್ಲ. ಗುಟ್ಟಾಗಿ ನಿಶ್ಚಯಿಸುವುದು ತಪ್ಪು. ಏನನ್ನು ಮುಂದಿಟ್ಟಿದ್ದೇವೆ, ಏಕೆ ಇಟ್ಟಿದ್ದೇವೆ ಎಂಬುದನ್ನು ಬಹಿರಂಗವಾಗಿ ಹೇಳಬೇಕು. ಬೇಡವೆನ್ನುವವನಿಗೆ ಬಾಗಿಲು ತೆರೆದಿರಬೇಕು. ಮುಂದಿಟ್ಟದ್ದು ಬಡವನ ಜೇಬಿಗೆ ಭಾರವಾಗಬಾರದು. ಈ ಮೂರು ಷರತ್ತುಗಳನ್ನು ಪಾಲಿಸಿದರೆ ಅದು ವಂಚನೆಯಲ್ಲ, ವ್ಯವಸ್ಥೆ. ತಿಳಿವು ಕೊಡುವ ಕೆಲಸವೂ ಆಗ ಸುಲಭ. ಮಗು ದಿನವೂ ಬಟ್ಟೆಚೀಲ ಹಿಡಿದು ಬರುತ್ತಿದ್ದರೆ ಅದೇಕೆಂದು ಅದೇ ಕೇಳುತ್ತದೆ. ಕೇಳಿದ ಮಗುವಿಗೆ ಹೇಳಿದ್ದು ಪಾಠ, ಕೇಳದ ಮಗುವಿಗೆ ಹೇಳಿದ್ದು ಭಾಷಣ.

ಕನ್ನಡ ಶಾಲೆಯಲ್ಲಿ ಓದಿದ ನಮಗೆ ಈ ಮಾತು ಬೇಗ ಅರ್ಥವಾಗಬೇಕು. ಗಡಿನಾಡಿನ ಕನ್ನಡಿಗನಿಗೆ ಪತ್ರ, ಅರ್ಜಿ, ಫಲಕಗಳು ಬೇರೆ ಭಾಷೆಯಲ್ಲಿ ತಾನಾಗಿ ಬರುತ್ತವೆ, ಕನ್ನಡದಲ್ಲಿ ಬೇಕಾದರೆ ಕೇಳಬೇಕು. ಹಕ್ಕು ಇದ್ದರೂ ಕೇಳುವವರು ವರ್ಷ ವರ್ಷವೂ ಕಡಿಮೆಯಾಗುತ್ತಾರೆ. ಅವರಿಗೆ ಕನ್ನಡದ ಮೇಲೆ ಪ್ರೀತಿಯಿಲ್ಲವೆಂದಲ್ಲ. ದಿನವೂ ಕೇಳಿ ಪಡೆಯಬೇಕಾದ ಪ್ರೀತಿ ದಣಿಯುತ್ತದೆ. ಈ ಶಾಲೆಯನ್ನು ಕಟ್ಟಿದ ಹಿರಿಯರು ಮಾಡಿದ್ದೇನು? ಈ ಊರಿನ ಮಕ್ಕಳಿಗೆ ಕನ್ನಡವು ಕೇಳದೆ ಬರುವಂತೆ ಮಾಡಿದರು. ಐವತ್ತು ವರ್ಷ ಅದು ನಿಂತಿದೆ. ಕನ್ನಡಕ್ಕೆ ಅವರು ಮಾಡಿದ್ದನ್ನು ನಾವು ನಮ್ಮ ಮಣ್ಣು ನೀರುಗಳಿಗೆ ಮಾಡಬಾರದೇಕೆ?

ಬರಿಯ ಮಾತಿನಿಂದ ಪ್ರಯೋಜನವಿಲ್ಲವೆಂದು ಹೇಳಿದವನು ಬರಿಯ ಮಾತಿನಲ್ಲಿ ಲೇಖನ ಮುಗಿಸಬಾರದು. ಆದುದರಿಂದ ಸುವರ್ಣ ಮಹೋತ್ಸವ ಸಮಿತಿಯವರ ಮುಂದೆ ಮೂರು ವಿನಂತಿಗಳನ್ನು ಇಡುತ್ತೇನೆ.

ಮೊದಲನೆಯದು, ಶಾಲೆಗೆ ಒಂದು ಪಾತ್ರೆ ಭಂಡಾರ ಬೇಕು. ಮುನ್ನೂರು ಸ್ಟೀಲ್ ತಟ್ಟೆ, ಮುನ್ನೂರು ಲೋಟ. ಶಾಲೆಯ ಎಲ್ಲ ಸಮಾರಂಭಗಳಿಗೂ ಇವೇ. ಊರಿನಲ್ಲಿ ಮದುವೆ, ಗೃಹಪ್ರವೇಶ, ಉತ್ತರಕ್ರಿಯೆ ಯಾವುದಿದ್ದರೂ ಬಾಡಿಗೆಯಿಲ್ಲದೆ ಕೊಡತಕ್ಕದ್ದು, ತೊಳೆದು ಹಿಂದಿರುಗಿಸತಕ್ಕದ್ದು. ಬೆಂಗಳೂರಿನ ಅದಮ್ಯ ಚೇತನ ಸಂಸ್ಥೆ ಪ್ಲೇಟ್ ಬ್ಯಾಂಕ್ ಎಂಬ ಹೆಸರಿನಲ್ಲಿ ಇಂಥದನ್ನು ನಡೆಸುತ್ತಿದೆ. ತಟ್ಟೆ ಸಾಲದಿದ್ದರೆ ನಮ್ಮ ತೋಟಗಳಲ್ಲಿ ಬಾಳೆ ಎಲೆಗೂ ಅಡಿಕೆ ಹಾಳೆಗೂ ಬರವಿಲ್ಲ. ಎರಡನೆಯದು, ಪ್ರತಿವರ್ಷ ಪ್ರವೇಶ ಪಡೆಯುವ ಪ್ರತಿ ಮಗುವಿಗೂ ಒಂದು ಗಟ್ಟಿ ಬಟ್ಟೆಚೀಲ, ಮಳೆಗೆ ಪುಸ್ತಕ ನೆನೆಯದಂತೆ ಮೇಣಬಟ್ಟೆಯ ಒಳಪದರವಿರುವುದು, ಶಾಲೆಯಿಂದಲೇ ದೊರೆಯಬೇಕು. ಬಡವರಿಗೆ ಮಾತ್ರ ಎಂದು ಬೇರ್ಪಡಿಸಬಾರದು. ಎಲ್ಲರಿಗೂ ಒಂದೇ ಚೀಲ. ಹಾಗಾದರೆ ಯಾವ ಮಗುವೂ ಸಾಲಿನಿಂದ ಹೊರಗೆ ನಿಲ್ಲಬೇಕಾಗುವುದಿಲ್ಲ. ಮೂರನೆಯದು, ಪ್ಲಾಸ್ಟಿಕ್ಕನ್ನು ಸಂಗ್ರಹಿಸಲು ಮನೆಮನೆಗೆ ಬರುವ ಹರಿತ ಕರ್ಮ ಸೇನೆಯ ಅಕ್ಕಂದಿರಿಗೆ ತಿಂಗಳಿಗೆ 50 ರೂಪಾಯಿ ಕೊಡುವಾಗ ಮುಖ ಸಿಂಡರಿಸುವವರು ನಮ್ಮಲ್ಲಿದ್ದಾರೆ. ಮಹೋತ್ಸವದ ವೇದಿಕೆಯಲ್ಲಿ ಗಣ್ಯರ ಜತೆಗೆ ಆ ಅಕ್ಕಂದಿರಿಗೂ ಒಂದು ಶಾಲು ಹೊದಿಸಿ. ನಾಚಿಸಿ ಕಲಿಸಲಾಗದ್ದನ್ನು ಗೌರವಿಸಿ ಕಲಿಸಬಹುದು.

ಎರಡನೆಯ ವಿನಂತಿಯ ಮೊದಲ ವರ್ಷದ ಖರ್ಚನ್ನು ನನ್ನ ನಿವೃತ್ತಿ ವೇತನದಿಂದ ಭರಿಸಲು ನಾನು ಸಿದ್ಧನಿದ್ದೇನೆ. ಇದು ದಾನವಲ್ಲ, ಹಳೆಯ ಬಾಕಿ. ಮೊಮ್ಮಗ ಹೇಳಿದ ಡಿಫಾಲ್ಟ್ ಎಂಬ ಪದಕ್ಕೆ ಬ್ಯಾಂಕಿನವರು ಹೇಳುವ ಅರ್ಥವೂ ನನ್ನ ಪಾಲಿಗೆ ಸಲ್ಲುತ್ತದೆ. 1998ರ ಮಳೆಗಾಲದಿಂದ ತೀರಿಸದೆ ಉಳಿದ ಸಾಲವೊಂದು ನನ್ನ ಮೇಲಿದೆ. ಆ ಹುಡುಗ ಈಗ ತಂದೆಯಾಗಿರಬಹುದು, ಅವನ ಮಗುವೂ ಇದೇ ಶಾಲೆಗೆ ಬರುತ್ತಿರಬಹುದು. ಆ ಮಗುವಿನ ಪುಸ್ತಕ ನೆನೆಯದಿರಲಿ, ಅದಕ್ಕಾಗಿ ಅದು ಯಾರ ಮುಂದೆಯೂ ತಲೆ ತಗ್ಗಿಸದಿರಲಿ.

ನಮ್ಮ ಶಾಲೆ ಶತಮಾನೋತ್ಸವವನ್ನು ಆಚರಿಸುವ ದಿನ ಅಂದಿನ ಮಕ್ಕಳು ಪರಿಸರ ರಕ್ಷಣೆಯ ಮೇಲೆ ಪ್ರಬಂಧ ಬರೆಯಬೇಕಾಗಿ ಬಾರದಿರಲಿ ಎಂದು ಹಾರೈಸುತ್ತೇನೆ.